500 ಜಿಬಿ ಡಿಸ್ಕ್ ಇದ್ದರೂ ಉಬುಂಟು ಸರ್ವರ್‌ನಲ್ಲಿ ರೂಟ್ (ಸಿಸ್ಟಂ, ಫೈಲ್‌ಗಳು ಇರುವ ಮುಖ್ಯ ಭಾಗ) 98 ಜಿಬಿ ಮಾತ್ರ ಇದೆ, ಅದೂ ತುಂಬಿದೆ. ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಬೇಡ, ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಗೌರಿಬಿದನೂರಿನ ನಿಮ್ಮ ಅಂಗಡಿಯ ಬಿಲ್ಲಿಂಗ್ ಡೇಟಾ ಎಲ್ಲಾ ಅದರಲ್ಲೇ ಇದೆ ಅಂತೀರಿ. ಸರ್ವರ್ ಆಫ್ ಕೂಡ ಮಾಡದೆ ಜಾಗ ಹೆಚ್ಚಿಸಬಹುದು. ತುಮಕೂರಿನ ಅಂತರಸನಹಳ್ಳಿ ಕಡೆ ಸಣ್ಣ ಫ್ಯಾಕ್ಟರಿಗಳ ಸರ್ವರ್ ನೋಡಿಕೊಳ್ಳುವಾಗ ನಾನು ಇದೇ ತೊಂದರೆಯನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ 'ವಾಲ್ಯೂಮ್' ಎಂಬ ಭಾಗಗಳಾಗಿ ಹಂಚುವ ವ್ಯವಸ್ಥೆ) ಬಳಸಿದಾಗ, ದೊಡ್ಡ ಡಿಸ್ಕ್‌ನಲ್ಲಿ ರೂಟ್‌ಗೆ 100 ಜಿಬಿ ಕೊಟ್ಟು ಉಳಿದದ್ದನ್ನು ಹಾಗೇ ಬಿಡುತ್ತದೆ. ಸೈಟ್ ಪೂರ್ತಿ ನಿಮ್ಮದೇ, ಮನೆ ಮಾತ್ರ ಒಂದು ಮೂಲೆಯಲ್ಲಿ ಕಟ್ಟಿದೆ, ಅಷ್ಟೇ. 'ಸುಡೊ ವಿಜಿಎಸ್' (sudo vgs) ಕಮಾಂಡ್ ಕೊಟ್ಟು ವಿ-ಫ್ರೀ (VFree, ಅಂದರೆ ಯಾರಿಗೂ ಹಂಚದ ಜಾಗ) ಕಾಲಂ ನೋಡಿ. ಅಲ್ಲಿ ಸುಮಾರು 360 ಜಿಬಿ ಕಂಡರೆ ಇದೇ ಕಾರಣ.

ರೂಟ್‌ನಲ್ಲಿ ಒಂಚೂರೂ ಜಾಗ ಉಳಿದಿಲ್ಲದಿದ್ದರೆ ಮೊದಲು 'ಆಪ್ಟ್ ಕ್ಲೀನ್' (apt clean) ಮಾಡಿ, ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜ್ ಫೈಲ್‌ಗಳು ಹೋಗುತ್ತವೆ. ಎಲ್‌ವಿಎಂ ಕೂಡ ಇಟಿಸಿ (/etc) ಫೋಲ್ಡರ್‌ನಲ್ಲಿ ತನ್ನ ಬ್ಯಾಕಪ್ ಫೈಲ್ ಬರೆಯುತ್ತದೆ. ಅದಕ್ಕೂ ಜಾಗ ಸಿಗದೆ ಕೆಲಸ ನಿಂತುಬಿಡಬಹುದು.

ಆಮೇಲೆ ವಾಲ್ಯೂಮ್ ದೊಡ್ಡದು ಮಾಡುವ ಎಲ್‌ವಿ-ಎಕ್ಸ್‌ಟೆಂಡ್ (lvextend) ಕಮಾಂಡ್. ಅದಕ್ಕೆ ಸಣ್ಣಕ್ಷರದ ಆರ್ ಆಯ್ಕೆ ಸೇರಿಸಿ, ಫೈಲ್ ಸಿಸ್ಟಂ (ವಾಲ್ಯೂಮ್ ಒಳಗೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಕೂಡ ಜೊತೆಗೇ ಬೆಳೆಯುತ್ತದೆ. ಗಾತ್ರವನ್ನು ದೊಡ್ಡಕ್ಷರದ ಎಲ್ ಜೊತೆ '+100ಜಿ' ಅಂತ ಕೊಡಿ. ಪ್ಲಸ್ ಬಿಟ್ಟರೆ 'ಒಟ್ಟು 100 ಜಿಬಿ ಆಗಲಿ' ಅಂತ ಅರ್ಥ. ನಿಮ್ಮದು ಈಗಾಗಲೇ ಅಷ್ಟೇ ಇದೆ ಅಲ್ವಾ, ಏನೂ ಬದಲಾಗುವುದಿಲ್ಲ.

ಇನ್ನೊಂದು ಮಾತು. ಖಾಲಿ ಇರುವುದನ್ನೆಲ್ಲ ಒಂದೇ ಸಲ ರೂಟ್‌ಗೆ ಕೊಡಬೇಡಿ. ತುಂಬಾ ಜನ ಸುಮ್ನೆ 'ನೂರಕ್ಕೆ ನೂರು ಫ್ರೀ' ಕೊಡಿ ಅಂತಾರೆ, ನಾನು ಒಪ್ಪುವುದಿಲ್ಲ. ಹೆಚ್ಚಿಸುವುದು ಒಂದು ನಿಮಿಷದ ಕೆಲಸ, ಕಡಿಮೆ ಮಾಡುವುದು ದೊಡ್ಡ ತಲೆನೋವು. ಇಎಕ್ಸ್‌ಟಿ4 (ಉಬುಂಟುವಿನ ಸಾಮಾನ್ಯ ಫೈಲ್ ಸಿಸ್ಟಂ) ರೂಟ್ ಅನ್ನು ಕುಗ್ಗಿಸಲು ಲೈವ್ ಯುಎಸ್‌ಬಿಯಿಂದಲೇ ಬೂಟ್ ಮಾಡಬೇಕು. ಮೊದಲು ಫೈಲ್ ಸಿಸ್ಟಂ ಕುಗ್ಗಬೇಕು, ಆಮೇಲೆ ವಾಲ್ಯೂಮ್. ಉಲ್ಟಾ ಮಾಡಿದರೆ ಕೊನೆಯ ಡೇಟಾ ಕತ್ತರಿಸಿ ಹೋಗುತ್ತದೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂ ಆದರೆ ಈ ದಾರಿಯೂ ಇಲ್ಲ. ಬ್ಯಾಕಪ್ ತೆಗೆದು ಹೊಸದಾಗಿ ಮಾಡಬೇಕು. ಖಾಲಿ ಉಳಿದ ಜಾಗ ಅಪ್‌ಗ್ರೇಡ್‌ಗೆ ಮುಂಚೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ತೆಗೆಯಲೂ ಬೇಕಾಗುತ್ತದೆ.

ವಿ-ಫ್ರೀ ಸೊನ್ನೆ ತೋರಿಸಿದರೆ ಪಾರ್ಟಿಶನ್ನೇ ಚಿಕ್ಕದಿರಬಹುದು. ಆಗ ಮೊದಲು ಪಾರ್ಟಿಶನ್ ದೊಡ್ಡದು ಮಾಡುವ 'ಗ್ರೋಪಾರ್ಟ್' (growpart), ನಂತರ ಆ ಹೊಸ ಗಾತ್ರವನ್ನು ಎಲ್‌ವಿಎಂಗೆ ತಿಳಿಸುವ 'ಪಿವಿ-ರಿಸೈಜ್' (pvresize), ಆಮೇಲೆ ಮೇಲಿನ ಎಲ್‌ವಿ-ಎಕ್ಸ್‌ಟೆಂಡ್ ಕಮಾಂಡ್.

ಬಿಲ್ಲಿಂಗ್ ಡೇಟಾಬೇಸ್‌ನ ಒಂದು ಪ್ರತಿ ಹೊರಗಿನ ಡಿಸ್ಕ್‌ಗೆ ತೆಗೆದುಕೊಂಡು, ಯುಪಿಎಸ್ ಚಾರ್ಜ್ ನೋಡಿ ಶುರು ಮಾಡಿ. ಮುಗಿದ ಮೇಲೆ 'ಡಿಎಫ್' (df) ಕಮಾಂಡ್ ಕೊಟ್ಟರೆ ಹೊಸ ಗಾತ್ರ ಕಾಣುತ್ತದೆ, ರೀಬೂಟ್ ಬೇಕಿಲ್ಲ.