ಲಸಿಕೆಯ ನಂತರದ ರಕ್ತವರದಿ: 1.3 ಎಂಬ ಅಂಕಿ ಏನು ಹೇಳುತ್ತದೆ?

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳಲ್ಲಿ ಮೂರು ಬಾರಿ ನ್ಯುಮೋನಿಯಾ ಆದದ್ದರಿಂದ ವೈದ್ಯರು ರಕ್ತ ಪರೀಕ್ಷಿಸಿ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾವಾದ ನ್ಯುಮೊಕಾಕಸ್‌ನ 23 ಬಗೆಗಳ ವಿರುದ್ಧದ ಲಸಿಕೆ ಹಾಕಿ, ಆರು ವಾರಗಳ ಬಳಿಕ ಮತ್ತೆ ರಕ್ತ ತೆಗೆಸಿದರು. ವರದಿಯ 23 ಸಾಲುಗಳಲ್ಲಿ ಐದು 1.3ಕ್ಕಿಂತ ಕೆಳಗಿವೆ. ಬೇರೊಂದೆಡೆ 0.35 ಇದ್ದರೆ ಸಾಕೆಂದು ಓದಿದೆ. ಲಸಿಕೆ ನನಗೆ ಹಿಡಿಯಲಿಲ್ಲವೇ?

ಉತ್ತರ: ಹಾಗೆ ಹೇಳಲು ನಿಮ್ಮ ವರದಿಯಲ್ಲಿ ಆಧಾರವಿಲ್ಲ. ನ್ಯುಮೊಕಾಕಸ್‌ನ ಮೈಸುತ್ತ ಸಕ್ಕರೆ ಸರಪಳಿಗಳ ಕವಚವಿರುತ್ತದೆ. ಆ ಕವಚದ ರಚನೆಯನ್ನು ಆಧರಿಸಿ ನೂರಕ್ಕೂ ಹೆಚ್ಚು ಬಗೆಗಳನ್ನು, ಅಂದರೆ ಸಿರೊಟೈಪ್‌ಗಳನ್ನು ಗುರುತಿಸಲಾಗಿದೆ. ಒಂದರ ವಿರುದ್ಧದ ಪ್ರತಿಕಾಯ ಸಾಮಾನ್ಯವಾಗಿ ಇನ್ನೊಂದಕ್ಕೆ ಒದಗದ ಕಾರಣ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಆರೋಗ್ಯವಂತರಲ್ಲಿಯೂ ಎಲ್ಲ ಸಾಲುಗಳು ಏರುವುದು ಅಪರೂಪ. ಅಮೆರಿಕದ ಅಲರ್ಜಿ ಮತ್ತು ಇಮ್ಯುನಾಲಜಿ ತಜ್ಞರ ಸಂಸ್ಥೆಯ ಕಾರ್ಯತಂಡವು 2012ರಲ್ಲಿ ಸೂಚಿಸಿದ ಮಾನದಂಡದಂತೆ, ವಯಸ್ಕರಲ್ಲಿ ಸುಮಾರು 70 ಶೇಕಡ ಸಿರೊಟೈಪ್‌ಗಳಿಗೆ ಮಿಲಿಲೀಟರಿಗೆ 1.3 ಮೈಕ್ರೊಗ್ರಾಂ ಅಥವಾ ಅದಕ್ಕೂ ಹೆಚ್ಚು ಐಜಿಜಿ (ರಕ್ತದಲ್ಲಿನ ಮುಖ್ಯ ಬಗೆಯ ಪ್ರತಿಕಾಯ) ಇದ್ದರೆ ಪ್ರತಿಕ್ರಿಯೆ ಸಮರ್ಪಕ. ನಿಮ್ಮಲ್ಲಿ 18 ಸಾಲುಗಳು, ಅಂದರೆ 78 ಶೇಕಡ, ಆ ಗೆರೆಯನ್ನು ದಾಟಿವೆ.

ನೀವು ಓದಿದ 0.35 ಬೇರೆಯೇ ಪ್ರಶ್ನೆಗೆ ಉತ್ತರ. ಶಿಶುಗಳಿಗೆ ಕೊಡುವ ಹೊಸ ಕಾಂಜುಗೇಟ್ (ಕವಚದ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿದ) ಲಸಿಕೆಯನ್ನು ಹಳೆಯದರೊಂದಿಗೆ ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ ಬಳಸುವ, ಇಡೀ ಸಮೂಹಕ್ಕೆ ಅನ್ವಯಿಸುವ ಅಳತೆ ಅದು. ಒಬ್ಬ ರೋಗಿಗೆ ರಕ್ಷಣೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅದನ್ನು ರೂಪಿಸಿಲ್ಲ.

ಹಾಗೆಂದು 18 ಸಾಲುಗಳನ್ನು ಎಣಿಸಿ ಸುಮ್ಮನಾಗುವಂತಿಲ್ಲ. ನನ್ನ ದೃಷ್ಟಿಯಲ್ಲಿ ನಂತರದ ವರದಿಗಿಂತ ಮೊದಲಿನ ವರದಿಯೇ ಹೆಚ್ಚು ಮುಖ್ಯ, ಆದರೆ ಹಲವರು ಅದನ್ನು ತೆರೆದೂ ನೋಡುವುದಿಲ್ಲ. ಲಸಿಕೆಗೆ ಮುನ್ನವೇ ಆ 18ರಲ್ಲಿ ಹೆಚ್ಚಿನವು 1.3ನ್ನು ಮೀರಿದ್ದರೆ ಈಗಿನ ಮಟ್ಟ ಹಿಂದಿನ ಸೋಂಕಿನಿಂದಲೋ ಹಿಂದಿನ ಲಸಿಕೆಯಿಂದಲೋ ಬಂದಿರಬಹುದು. ಮಟ್ಟ ಕನಿಷ್ಠ ಎರಡು ಪಟ್ಟಾದರೂ ಏರಿದೆಯೇ ಎಂದು ಆಗ ನೋಡಬೇಕಾಗುತ್ತದೆ, ಆದರೆ ಮೊದಲೇ ಬಹಳ ಎತ್ತರದಲ್ಲಿದ್ದ ಮಟ್ಟ ಅಷ್ಟು ಏರದಿದ್ದರೆ ಅದನ್ನು ದೋಷವೆನ್ನಲಾಗದು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಂಕಿಗಳು ಗಣನೀಯವಾಗಿ ಬದಲಾಗುವುದರಿಂದ ಎರಡೂ ಮಾದರಿಗಳನ್ನು ಒಂದೇ ಕಡೆ, ಸಾಧ್ಯವಾದರೆ ಒಟ್ಟಿಗೇ, ಪರೀಕ್ಷಿಸಿರಬೇಕು.

ಇನ್ನೊಂದು ಮಿತಿಯೂ ಇದೆ. ಸಾಮಾನ್ಯವಾಗಿ ಮಾಡುವ ಎಲೈಸಾ ಮಾದರಿಯ ಪರೀಕ್ಷೆ ಪ್ರತಿಕಾಯದ ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು ಅದರ ಸಾಮರ್ಥ್ಯವನ್ನಲ್ಲ. ಪ್ರತಿಕಾಯವು ಕವಚಕ್ಕೆ ಅಂಟಿ, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನುಗಳ ನೆರವಿನಿಂದ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುವಂತೆ ಮಾಡುತ್ತದೆಯೇ ಎಂಬುದನ್ನು ಆಪ್ಸೊನೊಫ್ಯಾಗೊಸೈಟಿಕ್ ಪರೀಕ್ಷೆ ನೇರವಾಗಿ ಅಳೆಯುತ್ತದೆ. ಅದು ಶ್ರಮದಾಯಕವಾದ್ದರಿಂದ ಹೆಚ್ಚಾಗಿ ಸಂಶೋಧನೆಗೆ ಸೀಮಿತವಾಗಿದೆ.

ಮೂರು ಬಾರಿ ನ್ಯುಮೋನಿಯಾ ಆಗಿರುವುದನ್ನು ಈ ಒಂದು ವರದಿಯಿಂದ ಬದಿಗಿಡಬೇಡಿ. ಒಟ್ಟು ಐಜಿಜಿ ಹಾಗೂ ಪ್ರತಿಕಾಯಗಳ ಇನ್ನೆರಡು ಬಗೆಗಳಾದ ಐಜಿಎ, ಐಜಿಎಂ ಮಟ್ಟಗಳನ್ನು ನೋಡಿದ್ದಾರೆಯೇ ಎಂದು ವೈದ್ಯರನ್ನು ಕೇಳಿ. ಈ ಮುಂಚೆ ಯಾವುದೇ ನ್ಯುಮೊಕಾಕಲ್ ಲಸಿಕೆಯನ್ನಾಗಲಿ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ಪ್ರತಿಕಾಯಗಳನ್ನು ಕೊಡುವ) ಚಿಕಿತ್ಸೆಯನ್ನಾಗಲಿ ಪಡೆದಿದ್ದರೆ ಅದನ್ನೂ ಅವರಿಗೆ ತಪ್ಪದೆ ತಿಳಿಸಿ.