ಕೇಬಲ್ ತುಂಡಾದ ಮೇಲೆ ಚಿತ್ರವೇಕೆ ತಡವಾಗಿ ಮರಳುತ್ತದೆ?

ಪ್ರಶ್ನೆ: ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ಆರು ಸ್ವಿಚ್‌ಗಳ ರಿಂಗ್‌ನಲ್ಲಿ ಆರ್‌ಎಸ್‌ಟಿಪಿ (ಒಂದು ದಾರಿ ಕಡಿದರೆ ಬದಲಿ ದಾರಿ ತೆರೆಯುವ ‘ಸ್ಪ್ಯಾನಿಂಗ್ ಟ್ರೀ’ ವಿಧಾನ) ಇದೆ. 30 ಕ್ಯಾಮೆರಾಗಳು ತಲಾ 4 ಎಂಬಿಪಿಎಸ್‌ನಂತೆ ಮಲ್ಟಿಕಾಸ್ಟ್‌ನಲ್ಲಿ (ಬೇಕೆಂದು ಕೇಳಿದವರಿಗೆಲ್ಲ ಒಂದೇ ಪ್ರವಾಹ ತಲುಪಿಸುವ ರೀತಿಯಲ್ಲಿ) ಚಿತ್ರ ಕಳುಹಿಸುತ್ತವೆ. ಫೈಬರ್ ತುಂಡಾದರೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಸಂದೇಶ) ಎರಡೇ ಸೆಕೆಂಡಿನಲ್ಲಿ ಮರಳುತ್ತದೆ, ಆದರೆ ಕಂಟ್ರೋಲ್ ರೂಮಿನ ಚಿತ್ರ ಒಮ್ಮೆ 20 ಸೆಕೆಂಡು, ಇನ್ನೊಮ್ಮೆ ಎರಡು ನಿಮಿಷ ನಿಂತೇಬಿಡುತ್ತದೆ. ಸ್ವಿಚ್ ಕೆಟ್ಟಿದೆಯೇ?
— ಓದುಗರು, ಭೋಸರಿ

ಉತ್ತರ: ಸ್ವಿಚ್ ಕೆಟ್ಟಿರುವ ಲಕ್ಷಣ ಇದಲ್ಲ. ಒಮ್ಮೆ 20 ಸೆಕೆಂಡು, ಒಮ್ಮೆ ಎರಡು ನಿಮಿಷ ಎಂದು ತಾವು ಗಮನಿಸಿ ಬರೆದಿರುವುದರಲ್ಲೇ ಕಾರಣದ ಸುಳಿವಿದೆ.

ದಾರಿ ಬದಲಾದ ಕೂಡಲೇ ಆರ್‌ಎಸ್‌ಟಿಪಿ ಯಾವ ಸಾಧನ ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್ ಕಲಿತಿದ್ದ ಹಳೆಯ ಮ್ಯಾಕ್ ವಿಳಾಸಗಳನ್ನು ಅಳಿಸುತ್ತದೆ, ಗುರುತು ಸಿಗದ ಫ್ರೇಮನ್ನು ಸ್ವಿಚ್ ಎಲ್ಲ ಪೋರ್ಟ್‌ಗಳಿಗೂ ಹರಿಸುತ್ತದೆ. ಹೀಗಾಗಿ ಪಿಂಗ್ ಬೇಗ ಮರಳುತ್ತದೆ. ಮಲ್ಟಿಕಾಸ್ಟ್‌ನ ಕಥೆ ಬೇರೆ. ಯಾವ ಗುಂಪಿನ (ಅಂದರೆ ಯಾವ ಮಲ್ಟಿಕಾಸ್ಟ್ ವಿಳಾಸದ) ಚಿತ್ರ ಯಾವ ಪೋರ್ಟಿಗೆ ಬೇಕು ಎಂಬುದನ್ನು ಸ್ವಿಚ್‌ನ ಐಜಿಎಂಪಿ ಸ್ನೂಪಿಂಗ್ ಎಂಬ ಸೌಲಭ್ಯ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ, ಹೊಸದಾಗಿ ತೆರೆದ ಪೋರ್ಟ್ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಚಿತ್ರ ನೋಡುತ್ತಿರುವ ಕಂಪ್ಯೂಟರಿಗೆ ಎಲ್ಲೋ ದೂರದಲ್ಲಿ ಫೈಬರ್ ತುಂಡಾದದ್ದು ತಿಳಿಯದು. ಆದ್ದರಿಂದ ‘ನನಗೆ ಈ ಗುಂಪು ಬೇಕು’ ಎಂದು ಅದು ತಾನಾಗಿ ಮತ್ತೊಮ್ಮೆ ಹೇಳುವುದಿಲ್ಲ. ಯಾರಿಗೆ ಯಾವ ಗುಂಪು ಬೇಕೆಂದು ಆಗಾಗ ಪ್ರಶ್ನೆ ಕಳುಹಿಸುವ ಸ್ವಿಚ್ ಅಥವಾ ರೂಟರ್, ಅಂದರೆ ಕ್ವೇರಿಯರ್, ಕೇಳಿದಾಗಲೇ ಅದು ಉತ್ತರಿಸುತ್ತದೆ. ಕ್ವೇರಿಯರ್ ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ಕೇಳುತ್ತದೆ, ಉತ್ತರಿಸಲು 10 ಸೆಕೆಂಡುಗಳವರೆಗೆ ಅವಕಾಶವಿರುತ್ತದೆ. ಮುಂದಿನ ಪ್ರಶ್ನೆ ಹತ್ತಿರವಿದ್ದಾಗ ಫೈಬರ್ ತುಂಡಾದರೆ ಬೇಗ ಪಾರಾಗುತ್ತೀರಿ; ಪ್ರಶ್ನೆ ಆಗಷ್ಟೇ ಮುಗಿದಿದ್ದರೆ ಎರಡು ನಿಮಿಷ ದಾಟಿಯೂ ಕಾಯಬೇಕಾಗುತ್ತದೆ. ಕಂಟ್ರೋಲ್ ರೂಮಿನ ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ (ನೆಟ್‌ವರ್ಕ್ ಸಂದೇಶಗಳನ್ನು ತೋರಿಸುವ ತಂತ್ರಾಂಶ) ತೆರೆದು 224.0.0.1 ವಿಳಾಸಕ್ಕೆ ಬರುವ ಕ್ವೇರಿಯರ್‌ನ ಪ್ರಶ್ನೆಗಳ ಸಮಯವನ್ನು ಬರೆದಿಟ್ಟುಕೊಳ್ಳಿ, ಚಿತ್ರ ಮರಳಿದ ಗಳಿಗೆ ಅದಕ್ಕೆ ತಾಳೆಯಾಗುವುದನ್ನು ತಾವೇ ಕಾಣುವಿರಿ.

ಇದಕ್ಕೆ ಸರಿಯಾದ ಪರಿಹಾರವನ್ನು 2006ರ ಆರ್‌ಎಫ್‌ಸಿ 4541 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಸೂಚಿಸಿದೆ: ಸ್ಪ್ಯಾನಿಂಗ್ ಟ್ರೀ ಯಾವುದಾದರೂ ಪೋರ್ಟನ್ನು ತೆರೆದಾಗ ಅಥವಾ ಮುಚ್ಚಿದಾಗ, ಸರದಿಗಾಗಿ ಕಾಯದೆ ಸ್ವಿಚ್ ತಕ್ಷಣವೇ ಸಾಮಾನ್ಯ ಪ್ರಶ್ನೆಯೊಂದನ್ನು ಕಳುಹಿಸಬಹುದು. ತಮ್ಮ ಸ್ವಿಚ್‌ನಲ್ಲಿ ಈ ಸೌಲಭ್ಯವಿದ್ದರೆ ಆರರಲ್ಲಿಯೂ ಚಾಲೂ ಮಾಡಿ. ಇಲ್ಲದಿದ್ದರೆ ಕ್ವೇರಿಯರ್‌ನ ಅಂತರವನ್ನು 30 ಸೆಕೆಂಡಿಗೆ ಇಳಿಸಿ, ಉತ್ತರದ ಅವಧಿ ಅದಕ್ಕಿಂತ ಸಾಕಷ್ಟು ಕಡಿಮೆ ಇರಲಿ.

ದಾರಿ ಬದಲಾದಾಗ ಸ್ವಲ್ಪ ಹೊತ್ತು ಎಲ್ಲ ಮಲ್ಟಿಕಾಸ್ಟನ್ನೂ ಎಲ್ಲ ಪೋರ್ಟಿಗೂ ಹರಿಸುವ ಇನ್ನೊಂದು ಸೌಲಭ್ಯ ಕೆಲವು ಸ್ವಿಚ್‌ಗಳಲ್ಲಿದೆ. ತಮ್ಮಲ್ಲಿ ಅದನ್ನು ಬಳಸುವ ಮುನ್ನ ದಯವಿಟ್ಟು ಲೆಕ್ಕ ಹಾಕಿ: 30 ಕ್ಯಾಮೆರಾಗಳು ಸೇರಿ 120 ಎಂಬಿಪಿಎಸ್, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿಗಳ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ದರೆ ಚಿತ್ರ ಉಳಿಸಲು ಹೋಗಿ ಯಂತ್ರವೇ ನಿಂತೀತು. ಕಂಪ್ಯೂಟರ್, ಕ್ಯಾಮೆರಾಗಳ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಬೇರೆ ಸ್ವಿಚ್ ಇಲ್ಲದ ಕೊನೆಯ ಪೋರ್ಟ್) ಎಂದು ಗುರುತಿಸುವುದನ್ನೂ ಮರೆಯಬೇಡಿ. ಇಲ್ಲವಾದರೆ ಯಾರಾದರೂ ಒಂದು ಕಂಪ್ಯೂಟರ್ ಚಾಲೂ ಮಾಡಿದರೂ ಅದನ್ನು ದಾರಿ ಬದಲಾದಂತೆಯೇ ಸ್ವಿಚ್ ಪರಿಗಣಿಸುತ್ತದೆ.

ಈ ಬದಲಾವಣೆಗಳ ನಂತರ ಊಟದ ವಿರಾಮದಲ್ಲಿ, ಯಂತ್ರಗಳು ನಿಂತಿರುವಾಗ, ಒಂದು ಫೈಬರನ್ನು ಬೇಕೆಂದೇ ಕಳಚಿ ನೋಡಿ. ತಕ್ಷಣದ ಪ್ರಶ್ನೆ ಹೋಗುತ್ತಿದ್ದರೆ ಚಿತ್ರ ಸುಮಾರು 10 ಸೆಕೆಂಡಿನೊಳಗೆ ಮರಳಬೇಕು. ಅದೂ ಹೆಚ್ಚೆನಿಸಿದರೆ ಆ ಪ್ರಶ್ನೆಗೆ ಉತ್ತರಿಸುವ ಅವಧಿಯನ್ನು 2 ಅಥವಾ 3 ಸೆಕೆಂಡಿಗೆ ತನ್ನಿ.