ಹತ್ತನೇ ತರಗತಿಯ ಮಗಳು, ಜನವರಿಯ ಗಡುವು

ಕಲಬುರಗಿಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಹೇಳಿ ಬರೆದಿದ್ದಾರೆ. ಪತ್ರದ ಸಾರ ಇಷ್ಟು:

‘ನಮ್ಮ ಮನೆಯವರು ಸೇಡಂ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ನಾಲ್ಕು ವರ್ಷ ಓಡಾಡಿದ ಮೇಲೆ ಕೆನಡಾದ ಪಿಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕಿದೆ. ಜನವರಿ ಮುಗಿಯುವುದರೊಳಗೆ ನಾಲ್ಕೂ ಜನ ಅಲ್ಲಿ ಇಳಿಯಬೇಕು. ಟೊರಾಂಟೊ ಹತ್ತಿರ ಇವರ ಗೆಳೆಯರ ಮನೆ ಇದೆ. ಮಗ ಏಳನೇ ತರಗತಿ, ಈಗಲೇ ಕುಣಿಯುತ್ತಿದ್ದಾನೆ. ಮಗಳು ಹತ್ತನೇ ತರಗತಿ. ಡಾಕ್ಟರ್ ಆಗಬೇಕು ಎಂದು ಸಣ್ಣವಳಿದ್ದಾಗಿನಿಂದ ಹೇಳುತ್ತಾಳೆ. “ನಾ ಬರಂಗಿಲ್ಲ, ನೀವ್ ಹೋಗ್ರಿ, ನಾ ಆಯಿ (ಅಜ್ಜಿ) ಹತ್ರ ಇರ್ತೀನಿ” ಅಂದು ಕದ ಹಾಕಿಕೊಳ್ಳುತ್ತಾಳೆ. ಇವರು ಡಿಸೆಂಬರ್‌ನಲ್ಲೇ ಹೋಗೋಣ, ಅಲ್ಲಿ ಎಸ್ಸೆಸ್ಸೆಲ್ಸಿ ಯಾರು ಕೇಳ್ತಾರೆ ಅನ್ನುತ್ತಾರೆ. ಅವಳನ್ನು ಬಿಟ್ಟು ಹೋಗಬೇಕೋ, ಎಳೆದುಕೊಂಡು ಹೋಗಬೇಕೋ?’

ತಂಗಿ,

ನಿಮ್ಮ ಪತ್ರ ಮೂರು ಸಲ ಓದಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಮಗಳು ಸುಮ್ನೆ ಹಟ ಮಾಡುತ್ತಿಲ್ಲ. ಅವಳ ಮಾತಿನಲ್ಲಿ ಲೆಕ್ಕ ಇದೆ.

ನೋಡಿ, ಅವಳು ಈ ಮಣ್ಣಿನಲ್ಲಿ ಹುಟ್ಟಿ ಬೆಳೆದವಳು. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು. ಅದರಿಂದಾಗಿ ಇಲ್ಲಿನ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ ಶೇ 70 ಸೀಟು ನಮ್ಮ ಮಕ್ಕಳಿಗೆ, ರಾಜ್ಯದ ಉಳಿದ ಕಡೆ ಶೇ 8. ಅವಳು ಪಿಯುಸಿ ಮುಗಿಸಿ, ನೀಟ್ ಬರೆದು, ಒಳ್ಳೆಯ ರ‍್ಯಾಂಕ್ ತೆಗೆದರೆ ಹದಿನೆಂಟಕ್ಕೆ ಎಂಬಿಬಿಎಸ್ ಸೇರಬಹುದು. ಮನೆಯಿಂದ ಆಟೋದಲ್ಲಿ ಹೋಗಿಬರುವಷ್ಟು ದೂರದಲ್ಲೇ ಮೆಡಿಕಲ್ ಕಾಲೇಜುಗಳಿವೆ. ಕೆನಡಾದಲ್ಲಿ ಹಾಗಿಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲು ಮೂರು ನಾಲ್ಕು ವರ್ಷ ಬೇರೊಂದು ಪದವಿ ಓದಬೇಕು, ಆಮೇಲೆ ಮೆಡಿಕಲ್‌ಗೆ ಅರ್ಜಿ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಹದಿನೈದರ ಹುಡುಗಿ ಇದನ್ನೆಲ್ಲ ಯೋಚಿಸಿದ್ದಾಳೆ ಎಂದರೆ ಅವಳ ಬುದ್ಧಿಗೆ ನೀವು ಬೆಲೆ ಕೊಡಬೇಕು. ‘ಅಲ್ಲಿ ಹೋದ ಮೇಲೆ ಎಲ್ಲಾ ಸರಿ ಹೋಗ್ತದ’ ಎಂಬ ಮಾತು ಅವಳ ಪ್ರಶ್ನೆಗೆ ಉತ್ತರವೇ ಅಲ್ಲ.

ನನಗೆ ಇದು ಗೊತ್ತಿರುವುದು ಅನುಭವದಿಂದ. ನನಗೆ ಹದಿನಾಲ್ಕು ವರ್ಷ ಇದ್ದಾಗ ನಮ್ಮಪ್ಪ ಕೆಲಸಕ್ಕಾಗಿ ಶಹಾಪುರದಿಂದ ಪುಣೆಗೆ ಮನೆ ಎತ್ತಿದರು. ಊರು ಬಿಡುತ್ತೇವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಪಡಸಾಲೆಯಲ್ಲಿ ನನ್ನ ಸೈಕಲ್ ಇರಲಿಲ್ಲ. ಪಕ್ಕದ ಓಣಿಯವರಿಗೆ ಮಾರಿದ್ದರು. ಆಗ ಗೊತ್ತಾಯಿತು. ಪುಣೆಯ ಶಾಲೆಯಲ್ಲಿ ನನ್ನನ್ನು ನಿಲ್ಲಿಸಿ ಮಗ್ಗಿ ಹೇಳು ಅಂದರು. ಇಡೀ ತರಗತಿ ‘ಬೇ ಏಕೆ ಬೇ, ಬೇ ದುಣೆ ಚಾರ್’ ಅನ್ನುತ್ತಿತ್ತು. ನನಗೆ ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ, ಆದರೆ ಎಲ್ಲವೂ ಕನ್ನಡದಲ್ಲಿ. ಒಂದೊಂದನ್ನೂ ತಲೆಯೊಳಗೆ ಮರಾಠಿಗೆ ತಿರುಗಿಸುವಷ್ಟರಲ್ಲಿ ಮೇಷ್ಟ್ರು ಕೂರು ಅಂದುಬಿಟ್ಟರು. ದಡ್ಡ ಎಂದು ಬರೆದುಕೊಂಡರು. ಆ ವರ್ಷವೆಲ್ಲ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಮರಾಠಿ ಬಂದ ಮೇಲೂ ಬಿಡಲಿಲ್ಲ. ಅಪ್ಪನ ಮೇಲೆ ಸಿಟ್ಟಿತ್ತು. ನನ್ನನ್ನು ಒಂದು ಮಾತು ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಆದರೂ ಹೋಗುತ್ತಿದ್ದೆ. ಆದರೆ ಇಷ್ಟು ವರ್ಷ ಆ ಸಿಟ್ಟು ಉಳಿಯುತ್ತಿರಲಿಲ್ಲ.

ಆದ್ದರಿಂದ ಡಿಸೆಂಬರ್ ಬೇಡ. ಪರೀಕ್ಷೆಗೆ ಮೂರು ತಿಂಗಳು ಇರುವಾಗ ಮಗುವನ್ನು ಬೆಂಚಿನಿಂದ ಎಬ್ಬಿಸಿಕೊಂಡು ಹೋಗಬೇಡಿ. ಅಲ್ಲಿ ಎಸ್ಸೆಸ್ಸೆಲ್ಸಿ ಯಾರೂ ಕೇಳುವುದಿಲ್ಲ ಎಂಬುದು ನಿಜ. ವಯಸ್ಸು, ಹಿಂದಿನ ತರಗತಿಗಳ ಅಂಕಪಟ್ಟಿ ನೋಡಿ ಸೇರಿಸಿಕೊಳ್ಳುತ್ತಾರೆ. ಆದರೆ ಇಲ್ಲಿ ಕೇಳುತ್ತಾರಲ್ವಾ? ಅವಳು ನಾಳೆ ವಾಪಸ್ ಬಂದು ಓದಬೇಕು ಅಂದರೆ ಮೊದಲು ತೋರಿಸಬೇಕಾದ್ದು ಆ ಅಂಕಪಟ್ಟಿಯನ್ನೇ.

ಹಾಗಾದರೆ ಜನವರಿಯ ಗಡುವು? ಈಗಿನ್ನೂ ಜುಲೈ. ದಸರಾ ರಜೆ ಇದೆ. ಆ ರಜೆಯಲ್ಲಿ ನಾಲ್ವರೂ ಹೈದರಾಬಾದಿನಿಂದ ಹೋಗಿ ಇಳಿದುಬಿಡಿ. ಅರ್ಜಿ ಹಾಕಿದ ಯಜಮಾನರು ಮೊದಲು ಅಥವಾ ಎಲ್ಲರ ಜೊತೆಗೆ ಇಳಿಯಬೇಕು. ಅವರಿಗಿಂತ ಮೊದಲು ನೀವು ಮಕ್ಕಳು ಇಳಿಯುವಂತಿಲ್ಲ. ಒಮ್ಮೆ ಇಳಿದರೆ ನೀವು ಅಲ್ಲಿನ ಕಾಯಂ ನಿವಾಸಿಗಳು. ಆಮೇಲೆ ಇರುವ ನಿಯಮ ಐದು ವರ್ಷದಲ್ಲಿ 730 ದಿನ ಅಲ್ಲಿ ಇರಬೇಕು ಎಂಬುದು. ಒಂದೇ ಸಮನೆ ಇರಬೇಕಾಗಿಲ್ಲ. ಹಾಗಾಗಿ ಯಜಮಾನರು ಅಲ್ಲೇ ಉಳಿದು ಕೆಲಸ, ಮನೆ ಹುಡುಕಲಿ. ನೀವು ಮಕ್ಕಳನ್ನು ಕರೆದುಕೊಂಡು ಬನ್ನಿ. ಮಗಳು ಪರೀಕ್ಷೆ ಬರೆಯಲಿ.

ಇಲ್ಲಿ ಒಂದು ಕಡೆ ಎಡವುವ ಸಾಧ್ಯತೆ ಇದೆ. ಪಿಆರ್ ಕಾರ್ಡ್ ಅಂಚೆಯಲ್ಲಿ ಬರುವುದು ಕೆನಡಾದ ವಿಳಾಸಕ್ಕೆ ಮಾತ್ರ. ಎರಡು ವಾರದಲ್ಲಿ ಅದು ನಿಮ್ಮ ಕೈ ಸೇರದೆ ಇರಬಹುದು. ಕಾರ್ಡ್ ಇಲ್ಲದೆ ಇಲ್ಲಿಂದ ಮತ್ತೆ ವಿಮಾನ ಹತ್ತಲು ಬೇರೆ ಪ್ರಯಾಣ ದಾಖಲೆ ಮಾಡಿಸಬೇಕು, ಅದಕ್ಕೆ ಹಣ, ಕಾಯುವುದು. ಯಜಮಾನರು ಅಲ್ಲೇ ಇದ್ದರೆ ಅವರೇ ತೆಗೆದಿಟ್ಟು ಕಳಿಸುತ್ತಾರೆ. ವಿಳಾಸವನ್ನು ಇಳಿದ 180 ದಿನದೊಳಗೆ ಕೊಡದಿದ್ದರೆ ಕಾರ್ಡಿಗೆ ಮತ್ತೆ ಅರ್ಜಿ, ಮತ್ತೆ ಶುಲ್ಕ.

ನಿಮಗೂ ಮಕ್ಕಳಿಗೂ ಎರಡೆರಡು ಸಲ ಟಿಕೆಟ್ ಎಂದರೆ ದೊಡ್ಡ ಖರ್ಚು. ಗೊತ್ತು. ಆದರೂ ಮಾಡಿ ಅನ್ನುತ್ತೇನೆ. ಆ ಎರಡು ವಾರದಲ್ಲಿ ಮಗಳು ಅಲ್ಲಿನ ಶಾಲೆಯೊಂದನ್ನು ಹೊರಗಿನಿಂದಾದರೂ ನೋಡುತ್ತಾಳೆ. ಬಸ್ಸಿನಲ್ಲಿ ಕೂರುತ್ತಾಳೆ. ಗೆಳೆಯರ ಮನೆಯಲ್ಲಿ ಅವಳ ವಯಸ್ಸಿನ ಮಕ್ಕಳಿದ್ದರೆ ದೊಡ್ಡವರಿಲ್ಲದಾಗ ಮಾತಾಡುತ್ತಾಳೆ. ಈಗ ಅವಳು ಬೇಡ ಅನ್ನುತ್ತಿರುವುದು ನೋಡದ ಊರನ್ನು. ನೋಡಿ ಬಂದ ಮೇಲೆ ಅವಳು ಹೇಳುವ ಬೇಕು ಬೇಡಕ್ಕೆ ತೂಕ ಬೇರೆ.

ಫಲಿತಾಂಶ ಮೇ ಹೊತ್ತಿಗೆ ಬರುತ್ತದೆ. ಅಲ್ಲಿನ ಶಾಲೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಅವಳು ಆಗ ಹನ್ನೊಂದನೇ ತರಗತಿ ಸೇರಿದರೆ ಪೂರ್ತಿ ಎರಡು ವರ್ಷ ಸಿಗುತ್ತದೆ. ಆ ಎರಡು ವರ್ಷ ಬೇಕೇ ಬೇಕು. ಯಾಕೆಂದರೆ ವಿಶ್ವವಿದ್ಯಾಲಯಗಳು ನೋಡುವುದು ಮುಖ್ಯವಾಗಿ ಹನ್ನೆರಡನೇ ತರಗತಿಯ ಆರು ವಿಷಯಗಳ ಅಂಕ. ಹೈಸ್ಕೂಲ್ ಡಿಪ್ಲೊಮಾಕ್ಕೆ 30 ಕ್ರೆಡಿಟ್ ಬೇಕು, ಅಂದರೆ ವಿಷಯಗಳನ್ನು ಪಾಸು ಮಾಡಿ ಗಳಿಸುವ ಅಂಶಗಳು. ಇಲ್ಲಿ ಓದಿದ್ದಕ್ಕೆ ಎಷ್ಟು ಕೊಡಬೇಕು ಎಂದು ಅಲ್ಲಿನ ಪ್ರಿನ್ಸಿಪಾಲರು ತೀರ್ಮಾನಿಸುತ್ತಾರೆ. ಅದಕ್ಕೇ ಎಂಟನೆಯಿಂದ ಹತ್ತರ ತನಕದ ಅಂಕಪಟ್ಟಿಗಳನ್ನು ಶಾಲೆಯ ಸೀಲು ಹಾಕಿಸಿ ತೆಗೆದುಕೊಂಡು ಹೋಗಿ. 40 ಗಂಟೆ ಸಮುದಾಯ ಸೇವೆಯನ್ನೂ ಮಾಡಬೇಕು. ಹೊಸ ಊರಲ್ಲಿ ಮೊದಲ ಗೆಳತಿ ಸಿಗುವುದು ಅಲ್ಲೇ ಇರಬಹುದು, ತರಗತಿಯಲ್ಲೇ ಎಂದೇನಿಲ್ಲ.

ದಾಖಲೆಗಳ ಬಗ್ಗೆ ಇನ್ನೆರಡು ಮಾತು. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ‘ಗುಲ್ಬರ್ಗಾ’ ಎಂದಿದ್ದು ಬೇರೆ ಕಾಗದಗಳಲ್ಲಿ ‘ಕಲಬುರಗಿ’ ಎಂದಿದ್ದರೆ ಗಾಬರಿ ಬೇಡ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾಯಿತು ಎಂಬ ಒಂದು ಸಾಲಿನ ವಿವರಣೆ ಜೊತೆಗಿರಲಿ. ಮತ್ತೆ, ತಾಯಿ ಕಾರ್ಡ್ ಹುಡುಕಿ ಇಡಿ. ಒಂಟಾರಿಯೊ ಶಾಲೆಗಳು ಲಸಿಕೆಯ ದಾಖಲೆ ಕೇಳುತ್ತವೆ. 2010ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸೀತಾಳೆ ಸಿಡುಬಿನ ಲಸಿಕೆಯೂ ಆಗಿರಬೇಕು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಅದು ಇಲ್ಲ. ಇಲ್ಲೇ ಮಕ್ಕಳ ಡಾಕ್ಟರ್ ಹತ್ತಿರ ವಿಚಾರಿಸಿ.

ಈಗ ಕಷ್ಟದ ಮಾತು. ನೋಡಿ ಬಂದ ಮೇಲೂ ಅವಳು ಪಿಯುಸಿ ಇಲ್ಲೇ ಮಾಡುತ್ತೇನೆ ಅಂದರೆ?

ಆಗ ಆಯಿಯ ಹತ್ತಿರ ಬಿಟ್ಟು ಹೋಗಬೇಡಿ. ಆಯಿ ರೊಟ್ಟಿ ಬಡಿದು ಹಾಕುತ್ತಾರೆ, ಪ್ರೀತಿ ಮಾಡುತ್ತಾರೆ. ಆದರೆ ನೀಟ್ ಕೋಚಿಂಗ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಬರುವ ಹುಡುಗಿ ಮುಖ ಸಪ್ಪಗೆ ಮಾಡಿಕೊಂಡು ಬಂದರೆ ಯಾಕೆ ಎಂದು ಕೇಳುವವರು ನೀವೇ ಆಗಿರಬೇಕು. ನೀವು ಎರಡು ವರ್ಷ ಅವಳ ಜೊತೆ ಇರಿ. ದಸರಾದಲ್ಲಿ ಇಳಿದು, ಅವಳ ಪಿಯುಸಿ ಮುಗಿಸಿ ಹೊರಟರೂ ಐದು ವರ್ಷದಲ್ಲಿ ಸುಮಾರು ಎರಡೂವರೆ ವರ್ಷ ಉಳಿಯುತ್ತದೆ. 730 ದಿನಕ್ಕೆ ಸಾಕು, ಜಾಸ್ತಿ ಸಡಿಲ ಇಲ್ಲ.

ಆದರೆ ಅವಳು ಇಲ್ಲೇ ಎಂಬಿಬಿಎಸ್ ಸೇರಿದರೆ ಅದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಷ್ಟು ದಿನ ಹೊರಗಿದ್ದರೆ ಅವಳ ಪಿಆರ್ ಉಳಿಯುವುದು ಕಷ್ಟ. 22 ತುಂಬಿದ ಮಗಳನ್ನು ಅವಲಂಬಿತಳು ಎಂದು ನೀವು ಕರೆಸಿಕೊಳ್ಳಲೂ ಆಗುವುದಿಲ್ಲ. ಅದೇ ರೀತಿ ಅವಳು ಅಲ್ಲಿ ಹೋಗಿ ಪೌರತ್ವ ತೆಗೆದುಕೊಂಡರೆ ಭಾರತದ ಪೌರತ್ವ ಹೋಗುತ್ತದೆ. 2021ರ ಮಾರ್ಚ್ ಅಧಿಸೂಚನೆಯ ನಂತರ ಒಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ) ಕಾರ್ಡ್ ಪಡೆದವರಿಗೆ ನೀಟ್‌ನಲ್ಲಿ ಎನ್‌ಆರ್‌ಐ ಸೀಟು ಮಾತ್ರ. ಪಿಆರ್ ಇರುವ ತನಕ ಅವಳು ಭಾರತದವಳೇ. ಈ ಎರಡೂ ದಾರಿ ಎಲ್ಲಿ ಮುಚ್ಚುತ್ತವೆ ಎಂಬುದನ್ನು ಅವಳ ಮುಂದೆ ಕಾಗದದ ಮೇಲೆ ಬರೆದು ಇಡಿ. ಮುಚ್ಚಿಡಬೇಡಿ, ಹೆದರಿಸಲೂ ಬೇಡಿ.

ನನ್ನ ಮನಸ್ಸು ಕೇಳಿದರೆ ಅವಳು ನಿಮ್ಮ ಜೊತೆ ಹೋಗಲಿ ಎಂದೇ ಹೇಳುತ್ತೇನೆ. ಹದಿನಾರು ಹದಿನೇಳರಲ್ಲಿ ಅಪ್ಪ ಅವ್ವ ತಮ್ಮ ಮೂವರೂ ಒಂದೇ ಮನೆಯಲ್ಲಿರುವುದು ಎಂಥ ಸೀಟಿಗಿಂತಲೂ ದೊಡ್ಡದು ಎಂದು ನಾನು ನಂಬಿದ್ದೇನೆ. ಆದರೆ ಈ ಮಾತು ನನ್ನದು. ಅವಳದಲ್ಲ.

ಮಗನ ಬಗ್ಗೆ ಚಿಂತೆ ಕಡಿಮೆ. ಅವನು ಬೇಗ ಹೊಂದಿಕೊಳ್ಳುತ್ತಾನೆ. ಮನೆಯಲ್ಲಿ ಕನ್ನಡ ಬಿಡಿಸಬೇಡಿ, ಅಷ್ಟೇ.

ಯಜಮಾನರಿಗೆ ಒಂದು ಮಾತು ತಿಳಿಸಿ. ಮೊದಲ ವರ್ಷ ಅವರಿಗೆ ಇಂಜಿನಿಯರ್ ಕೆಲಸ ಸಿಗದೆ ಗೋದಾಮಿನಲ್ಲೋ ಅಂಗಡಿಯಲ್ಲೋ ನಿಲ್ಲಬೇಕಾಗಬಹುದು. ಒಂಟಾರಿಯೊದಲ್ಲಿ ಇಂಜಿನಿಯರ್ ಎಂದು ಹೇಳಿಕೊಳ್ಳಲು ಪರವಾನಗಿ ಬೇಕು. ಅದನ್ನು ಮಕ್ಕಳಿಗೆ ಇಲ್ಲಿಂದಲೇ ಹೇಳಿ ಕರೆದುಕೊಂಡು ಹೋಗಲಿ. ಅಪ್ಪ ಹೆಲ್ಮೆಟ್ ಹಾಕಿಕೊಂಡು ಕಾರ್ಖಾನೆಗೆ ಹೋಗುವುದನ್ನು ನೋಡಿ ಬೆಳೆದ ಮಕ್ಕಳು. ಅಲ್ಲಿ ಹೋಗಿ ಏಕಾಏಕಿ ನೋಡಿದರೆ ತಡೆದುಕೊಳ್ಳಲಾರರು.

ಇಂದು ರಾತ್ರಿ ಊಟ ಆದ ಮೇಲೆ ಅವಳ ಕದ ತಟ್ಟಿ. ಒಪ್ಪಿಸಲು ಹೋಗಬೇಡಿ, ಅವಳ ಲೆಕ್ಕ ಏನು ಎಂದು ಕೇಳಿ, ಪೂರ್ತಿ ಕೇಳಿ. ನಿಮ್ಮ ಜೊತೆ ಮಾತಾಡಲು ಆಗದಿದ್ದರೆ ಅವಳೇ ನನಗೆ ಒಂದು ಪತ್ರ ಬರೆಯಲಿ. ಅದನ್ನು ಪತ್ರಿಕೆಯಲ್ಲಿ ಹಾಕುವುದಿಲ್ಲ. ಉತ್ತರವನ್ನು ಅವಳ ಹೆಸರಿಗೇ ಕಳಿಸುತ್ತೇನೆ.

— ಸಂಪಾದಕ